ನೆಲಕ್ಕೆ ಬಿಗಿದ ಕುರ್ಚಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಹೊಸ ತಂತ್ರಾಂಶವನ್ನು ಉದ್ಘಾಟಿಸಲು ಬಂದಿರುವ ಅತಿಥಿಗಳೇ, ನಮ್ಮ ಕಚೇರಿಯ ಮಾಲೀಕರೇ, ಬೇಕೆಂತಲೇ ಹಿಂದಿನ ಸಾಲಿನಲ್ಲಿ ಕುಳಿತಿರುವ ಟೈಪಿಂಗ್ ವಿಭಾಗದ ನನ್ನ ಅಕ್ಕತಂಗಿಯರೇ, ಸಭಿಕರೇ,

ಮಾಲೀಕರೇ, ಕ್ರಯದ ಕರಾರು ಬರೆಯಲು ಯಂತ್ರ ಬಂದರೆ ನಮಗೆ ಅದನ್ನು ಕಲಿಸುತ್ತೇವೆ ಎಂದಿರಿ, ಕಲಿಸಲಿಲ್ಲ. ಯಾರನ್ನೂ ಮನೆಗೆ ಕಳಿಸುವುದಿಲ್ಲ ಎಂದಿರಿ, ಕಳಿಸಿದಿರಿ. ಓದುವ ಕೋಣೆಯನ್ನು ಮುಟ್ಟುವುದಿಲ್ಲ ಎಂದಿರಿ. ಅಲ್ಲಿ ಈಗ ಸರ್ವರ್ ಕುಳಿತಿದೆ. ಆ ಕೋಣೆಗೊಂದು ಫ್ಯಾನು ಕೇಳಿ ಕೇಳಿ ನಾವು ಸೋತೆವು. ಸರ್ವರ್ ಬಂದ ದಿನವೇ ಎಸಿ ಬಂತು. ಪಾಪ, ಅದು ಬಾಯಿಬಿಟ್ಟು ಕೇಳಲೂ ಇಲ್ಲ.

ನಿವೃತ್ತಳಾಗುವವಳು ಎರಡು ಒಳ್ಳೆಯ ಮಾತಾಡಿ ಇಳಿಯಲಿ ಎಂದು ಮೈಕು ಕೊಟ್ಟಿದ್ದೀರಿ. ಒಳ್ಳೆಯ ಮಾತೇ ಆಡುತ್ತೇನೆ.

ಓದುವ ಕೋಣೆ ಎಂದರೇನು? ಅತಿಥಿಗಳಿಗೆ ತಿಳಿದಿರಲಾರದು. ಮಾರುವವರೂ ಕೊಳ್ಳುವವರೂ ಒಂದೇ ಬೆಂಚಿನಲ್ಲಿ ಕೂರಬೇಕು. ನಮ್ಮವಳೊಬ್ಬಳು ನಿಂತು ಕರಾರನ್ನು ಗಟ್ಟಿಯಾಗಿ ಓದಬೇಕು. ಯಾರಾದರೂ "ನಿಲ್ಸಿ" ಎಂದರೆ ನಿಲ್ಲಿಸಬೇಕು, ತಿದ್ದಬೇಕು, ಮತ್ತೆ ಮೊದಲ ಸಾಲಿನಿಂದ ಶುರು ಮಾಡಬೇಕು. ಕೊನೆಯ ಸಾಲಿನವರೆಗೆ ಯಾರೂ ತಡೆಯದಿದ್ದರೆ ಆಗ ಸಹಿ. ಇಷ್ಟೇ.

ಆ ಬೆಂಚಿನ ಮೇಲೆ ನಾನು ಮೊದಲು ಕುಳಿತದ್ದು ನೌಕರಳಾಗಿ ಅಲ್ಲ, ಅಮ್ಮನ ಪಕ್ಕದಲ್ಲಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮನೆ ಮಾರಲು ಬಂದಿದ್ದಳು. ಓದುತ್ತಿದ್ದವಳು ಗಂಟಲಕ್ಕ. ಅವಳು ಮೆಲ್ಲಗೆ ಮಾತಾಡಿದರೂ ಬೀದಿಗೆ ಕೇಳುತ್ತಿತ್ತು, ಅದಕ್ಕೆ ಆ ಹೆಸರು. "ನೆಲಕ್ಕೂ ಗೋಡೆಗೂ ಬಿಗಿದ ಸಕಲ ವಸ್ತುಗಳ ಸಮೇತ" ಎಂಬಲ್ಲಿಗೆ ಬಂದಾಗ ಅಮ್ಮ ಕೈಯೆತ್ತಿದಳು.

"ನಿಲ್ಸಿ ಅಕ್ಕ. ನನ್ ಹೊಲಿಗೆ ಮಿಷನ್ನು ಅಲುಗಾಡ್ತದೆ ಅಂತ ನಮ್ಮನೆಯವ್ರು ನೆಲಕ್ಕೆ ಬೋಲ್ಟು ಹಾಕ್ಸಿದ್ರು. ಅದೂ ಹೋಗ್ತದಾ?"

"ಹೋಗ್ತದಮ್ಮ. ನಿನ್ನ ಹೊಟ್ಟೆಪಾಡೂ ಅದರ ಜೊತೆಗೇ ಹೋಗ್ತದೆ. ಅದಕ್ಕೇ ನಾನು ಗಂಟಲು ಹರ್ಕೊಳ್ಳೋದು."

ಕೊಳ್ಳುವವರು ನಕ್ಕರು, ಒಪ್ಪಿದರು. "ಹೊಲಿಗೆ ಯಂತ್ರವೊಂದನ್ನು ಬಿಟ್ಟು" ಎಂದು ಸೇರಿತು. ಗಂಟಲಕ್ಕ ನೀರು ಕುಡಿದು ಮತ್ತೆ ಮೊದಲಿನಿಂದ ಓದಿದಳು. ಆ ಮಿಷನ್ನು ಬಾಡಿಗೆ ಮನೆಯ ಕಿಟಕಿಯ ಕೆಳಗೆ ಓಡಿತು, ನನ್ನನ್ನು ಓದಿಸಿತು. ಮುಂದೆ ನಾನು ಇದೇ ಕಚೇರಿಗೆ ಸೇರಿದಾಗ ನನ್ನ ಕೈಗೆ ಕಾಗದ ಕೊಟ್ಟು, "ನುಂಗ್ಬೇಡ, ಕಡೇ ಅಕ್ಷರದವರೆಗೂ ಬಿಡಿಸಿ ಹೇಳು" ಎಂದು ಗದರಿಸಿ ಕಲಿಸಿದವಳೂ ಗಂಟಲಕ್ಕನೇ. ಗಂಟಲಕ್ಕ ತೀರಿಕೊಂಡ ಮೇಲೆ ಮನೆಯಲ್ಲಿ ಮಾತ್ರೆ ಡಬ್ಬಿಯ ಮೇಲಿನದನ್ನೂ ಗಟ್ಟಿಯಾಗಿಯೇ ಓದುತ್ತೇನೆ. ನಿಲ್ಸಿ ಎನ್ನಲು ಅಲ್ಲಿ ಯಾರೂ ಇಲ್ಲ. ಇರಲಿ, ಅದು ಈ ಸಭೆಯ ವಿಷಯವಲ್ಲ.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಬೆರಳು ನೋಯಿಸುತ್ತಿದ್ದ ಕೆಲಸವನ್ನು ಅದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುತ್ತದೆ. ಆದರೆ ಅದಕ್ಕೆ ಬಾಯಿ ಬೇಡ ಎಂದು ತೀರ್ಮಾನಿಸಿದವರು ಯಾರು? ಯಂತ್ರವೋ, ಈ ಮುಂದಿನ ಸಾಲಿನವರೋ?

ಮೂರನೇ ಸಾಲಿನ ತುದಿಯಲ್ಲಿ ಒಬ್ಬ ಕ್ಷೌರಿಕ ಅಣ್ಣ ಕುಳಿತಿದ್ದಾರೆ. ನಾನೇ ಕರೆದೆ, ಆಹ್ವಾನ ಪತ್ರಿಕೆ ಕೇಳಬೇಡಿ. ಅಂಗಡಿಯ ಜಾಗ ಮಾರಿ, ಮಗಳ ಮನೆಯ ಹತ್ತಿರ ಚಿಕ್ಕ ಬಾಡಿಗೆ ಅಂಗಡಿ ಹಿಡಿದು ಇದೇ ಕಸುಬು ಮುಂದುವರಿಸಬೇಕೆಂದಿದ್ದಾರೆ. "ಅಳವಡಿಸಿದ ವಸ್ತುಗಳು ಸೇರಿವೆಯೇ?" ಎಂದು ತಂತ್ರಾಂಶ ಫೋನಿನಲ್ಲಿ ಕೇಳಿತು, ಹೌದು ಎಂಬುದಕ್ಕೆ ಮೊದಲೇ ಗುರುತು ಬಿದ್ದಿತ್ತು. ಫ್ಯಾನು, ನಲ್ಲಿ ಇರಬೇಕು ಎಂದುಕೊಂಡು ಒತ್ತಿದರು. ಮೊನ್ನೆ ಬಂದು ನನ್ನ ಮುಂದೆ ನಿಂತು ಹೇಳಿದರು: "ಅಕ್ಕಾ, ನಾನು ನನ್ ಕುರ್ಚೀನೂ ಮಾರಿದೀನಂತೆ. ನಂಗೇ ಗೊತ್ತಿಲ್ಲ."

ತಿರುಗುವ ಕುರ್ಚಿ, ನೆಲಕ್ಕೆ ಬಿಗಿದದ್ದು. ಅವರ ಅಪ್ಪ ಕೂರಿಸಿದ್ದು. ಇಂಥದ್ದೇ ಇನ್ನೊಂದು ಕೊಳ್ಳುವ ತ್ರಾಣ ಅವರಿಗಿಲ್ಲ. ಕೊಳ್ಳುವವರು ದುಷ್ಟರೇನಲ್ಲ; ಕರಾರಿನಲ್ಲಿ ಇದೆಯಲ್ಲ ಎನ್ನುತ್ತಾರೆ. ಮಾಲೀಕರನ್ನು ಕೇಳಿದರೆ, ಸಿಸ್ಟಮ್ಮು ಲಾಕ್ ಆಗಿದೆ ಎನ್ನುತ್ತಾರೆ. ಅಂದು ನನ್ನಮ್ಮ ಕೈಯೆತ್ತಿದಾಗ ಗಂಟಲಕ್ಕ ಲಾಕ್ ಆಗಿದ್ದರೆ ನಾನು ಈ ವೇದಿಕೆಯ ಮೇಲೆ ಇರುತ್ತಿದ್ದೆನೇ?

ಸ್ವಾಮಿ, ಫೋನಿನಲ್ಲಿ ಒತ್ತಿದ್ದು ಕರಾರಿಗೆ ಮಾತ್ರ; ಅಂತಿಮ ಕ್ರಯಪತ್ರಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಕಚೇರಿಗೆ ಬರಬೇಕಿಲ್ಲ, ಇದ್ದಲ್ಲೇ ಸಹಿ ಎಂದು ನಿಮ್ಮ ಕರಪತ್ರವೇ ಸಾರುತ್ತಿದೆ. ಸಂತೋಷ. ಸಹಿ ಅಂಗಡಿಯಲ್ಲೇ ಆಗಲಿ. ಓದುವ ಕೋಣೆ ಕಿತ್ತುಕೊಂಡಿರಿ, ಕ್ಷೌರದಂಗಡಿಯಲ್ಲಿ ಬೆಂಚು ಇದ್ದೇ ಇರುತ್ತದೆ. ಇಬ್ಬರೂ ಅದರ ಮೇಲೆ ಕೂರಲಿ. ನಾನು ನಿಂತು ಓದುತ್ತೇನೆ. ಆ ಸಾಲು ಬಂದಾಗ ಅಣ್ಣ ಕೈಯೆತ್ತುತ್ತಾರೆ. "ಕುರ್ಚಿಯೊಂದನ್ನು ಬಿಟ್ಟು" ಎಂದು ಸೇರುವವರೆಗೆ ಅವರು ಸಹಿ ಹಾಕುವುದಿಲ್ಲ, ನಾವು ಅಲ್ಲಿಂದ ಕದಲುವುದಿಲ್ಲ. ಹಿಂದಿನ ಸಾಲಿನ ಅಕ್ಕತಂಗಿಯರೇ, ಎಲ್ಲರೂ ಬನ್ನಿ. ನನ್ನ ಗಂಟಲು ಕಟ್ಟಿದರೆ ಮುಂದಿನ ಸಾಲು ನಿಮ್ಮದು.

ಹೂಗುಚ್ಛಕ್ಕೆ ಧನ್ಯವಾದ. ಗೋಡೆ ಗಡಿಯಾರಕ್ಕೆ ಇನ್ನೂ ಹೆಚ್ಚಿನ ಧನ್ಯವಾದ, ಹೊತ್ತಿಗೆ ಸರಿಯಾಗಿ ಬರಲು ಬೇಕಾಗುತ್ತದೆ. ಎಲ್ಲರಿಗೂ ನಮಸ್ಕಾರ.

ಬರುವ ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ, ಕ್ಷೌರದಂಗಡಿಯಲ್ಲಿ.