ಮಿದುಳಿನ ಮನೆಗೆಲಸದವರು

ಟಾಂಜಾನಿಯಾದ ದಾರ್ ಎಸ್ ಸಲಾಮಿನ ಆಸ್ಪತ್ರೆಯೊಂದರಲ್ಲಿ ಹೆರಾಯಿನ್ ಬಿಟ್ಟವರಿಗೆ ದಿನಾ ಬೆಳಿಗ್ಗೆ, ಅದರ ಚಡಪಡಿಕೆ ತಣಿಸುವ ಮೆಥಡೋನ್ ಔಷಧಿ ಕುಡಿಸುತ್ತಾರೆ. ಅದನ್ನು ಕುಡಿಯಲು ಬಂದ ತಮ್ಮನ ಜೊತೆ ಸಾಲಿನಲ್ಲಿ ನಿಂತಿದ್ದೆ. ನಮ್ಮ ಮುಂದೆ ಶೊಮಾರಿ. ಅವನನ್ನು ಮನೆಯಿಂದ ಹೊರಹಾಕಿದ್ದ ಹೆಂಡತಿ ಜುಹೂರಾ ಇವತ್ತು ಮೊದಲ ಸಲ ನೋಡಲು ಬಂದಿದ್ದಳು.

“ಎಲ್ಲಾ ನನ್ನದೇ ತಪ್ಪಲ್ಲ ಕಣೇ ಸೌಮು ಅಮ್ಮ,” ಅಂದ ಶೊಮಾರಿ, ಮಗುವಿನ ಹೆಸರು ಹಿಡಿದು ಅವಳನ್ನು ಕರೆಯುತ್ತಾ. “ಡಾಕ್ಟ್ರೇ ಹೇಳಿದ್ರು. ಮಿದುಳಲ್ಲಿ ಬರೀ ನರಕೋಶ ಇರಲ್ವಂತೆ. ಅವಕ್ಕೆ ಉಣಿಸೋಕೆ, ಕಸ ಬಳಿಯೋಕೆ ಬೇರೆ ಕೋಶಗಳಿವೆ.”

“ಆಮೇಲೆ?”

“ಪುಡಿ ಸೇದಿದ್ರೆ ಆ ಕಸ ಬಳಿಯೋವು ರೇಗ್ತವೆ. ಕೆಲಸ ಬಿಟ್ಟು ಮನೆಗೇ ಬೆಂಕಿ ಇಡ್ತವೆ. ಪುಡಿ ಬಿಟ್ರೂ ಸಿಟ್ಟು ಬೇಗ ಇಳಿಯಲ್ವಂತೆ.”

“ಓಹೋ! ನನ್ನ ಹೊಲಿಗೆ ಮಿಷನ್ ಮಾರಿದ್ದೂ ಅವೇನಾ?”

“ಮಾರಿದ್ದು ನಾನೇ. ಅವು ಹುರಿದುಂಬಿಸಿದ್ವು.”

“ಇಷ್ಟು ದುಡಿಯೋ ಕೋಶಗಳ ವಿಷಯ ನಾನು ಕೇಳೇ ಇಲ್ವಲ್ಲ?”

“ನರಕೋಶಗಳನ್ನ ಹಿಡಿದಿಡೋ ಬರೀ ಅಂಟು ಅಂದ್ಕೊಂಡು ಡಾಕ್ಟ್ರುಗಳೇ ಬಹಳ ಕಾಲ ತಿರುಗಿ ನೋಡಿರ್ಲಿಲ್ವಂತೆ.”

“ಹಂಗಾದ್ರೆ ಅವು ಹೆಂಗಸರೇ ಬಿಡು. ರೇಗದೆ ಇನ್ನೇನ್ಮಾಡ್ತವೆ?”

ಸಾಲಿಗೆ ಸಾಲೇ ನಕ್ಕಿತು.

ಶೊಮಾರಿಯ ಸರದಿ ಬಂತು, ಕುಡಿದ. ಔಷಧಿಯನ್ನು ಬಾಯಲ್ಲೇ ಇಟ್ಟುಕೊಂಡು ಹೊರಗೆ ಹೋಗಿ ಮಾರದಂತೆ, ಕುಡಿದವರು ನರ್ಸಮ್ಮನ ಎದುರು ಏನಾದರೂ ಮಾತಾಡಿ ತೋರಿಸಬೇಕು. ಎಲ್ಲರೂ ತಮ್ಮ ಹೆಸರು ಹೇಳುತ್ತಾರೆ. ಇವನು ಹೆಂಡತಿಯ ಕಡೆ ತಿರುಗಿದ.

“ಮನೆಗೆ ಬರ್ಲಾ?”

“ನುಂಗಿದ್ದಾನೆ. ಮುಂದಿನೋರು ಬನ್ನಿ,” ಅಂದಳು ನರ್ಸಮ್ಮ.

ಜುಹೂರಾ ಗೇಟಿನ ಕಡೆ ತಿರುಗಿದಳು.

“ಇವತ್ತು ಜಗಲಿ ತನಕ ಬಾ. ನಾಳೆನೂ ಇಲ್ಲಿ ಬಂದು ಕುಡಿದ್ರೆ ಆಮೇಲೆ ಒಳಗಿನ ಮಾತು.”

ಅವಳು ಮುಂದೆ, ಅವನು ಹಿಂದೆ, ಇಬ್ಬರೂ ಗೇಟು ದಾಟಿದರು.