ಜುಂಜಣ್ಣನ ಅಳತೆ

ಬಾವಿ ಅಂದರೆ ನಮ್ಮ ಬಾಗೂರಿನ ಬಾವಿ ಅಲ್ಲ, ಸ್ಕಾಟ್ಲೆಂಡಿನದು. ಗುಡ್ಡದ ಮೇಲಿನ ಗಾಲ್ಫ್ ಮೈದಾನದ ಅಂಚಿಗೆ ಕಲ್ಲು ಕಟ್ಟಿದ ಹಳೇ ಬಾವಿ... ಅದರ ಪಕ್ಕದಲ್ಲೇ ಹೋಟೆಲಿಗೆ ಕಾಲುದಾರಿ. ನಮ್ಮ ಮಾರುತೇಶ ಆ ರಾತ್ರಿ ಒಬ್ಬನೇ ನಡೆದು ಬರುತ್ತಿದ್ದ. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಪೂರ್ತಿ ಕಪ್ಪಾಗುವುದಿಲ್ಲವಂತೆ. ಬೂದಿ ಬಣ್ಣದ ಬೆಳಕು... ಮನುಷ್ಯ ಕಂಡರೂ ಮುಖ ಕಾಣುವುದಿಲ್ಲ.

ಅವನಿಗೆ ಹೆದರಿಕೆ ಏನೂ ಇರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಇನ್ನೇನು? ಅವನದು ಹೊಸದುರ್ಗದಲ್ಲಿ ಪಂಪ್‌ಸೆಟ್ ಅಂಗಡಿ. ಚೆನ್ನಾಗಿ ಮಾರಿದ ಡೀಲರುಗಳನ್ನು ಕಂಪನಿಯವರು ಫಾರಿನ್ನಿಗೆ ಕರೆದುಕೊಂಡು ಹೋಗಿದ್ದರು, ಗಾಲ್ಫ್ ಆಡಿಸುವ ಟೂರು. ಮೊದಲು ಆಡಿಸಿದ್ದು ಸಮುದ್ರದ ದಂಡೆಯಲ್ಲಿ. ನೋಡಲು ಎರಡು ಕಣ್ಣು ಸಾಲದು. ಆದರೆ ಮಾರುತೇಶ ಹೊಡೆದ ಚೆಂಡು ಒಂದೂ ನೆಟ್ಟಗೆ ಹೋಗಲಿಲ್ಲ. ಗಾಳಿ ಎತ್ತಿಕೊಂಡು ಹೋಗಿ ನೀರಿಗೆ ಹಾಕುತ್ತಿತ್ತು... ಪುಳಕ್. ಆಮೇಲೆ ಗುಡ್ಡಕ್ಕೆ ಬಂದರು. ಅಲ್ಲಿ ಪೊದೆ ನುಂಗಿತು... ಸರಕ್. ಕೆಲವು ಸಲ ಚೆಂಡು ಇದ್ದಲ್ಲೇ ಕೂತಿರುತ್ತಿತ್ತು, ಹುಲ್ಲು ಮಾತ್ರ ಹಾರುತ್ತಿತ್ತು. ಅವನ ರೂಮಿನ ಜೊತೆಗಾರ, ಹಿರಿಯೂರಿನ ಡೀಲರು ರಾಮಾಂಜನೇಯ, ಎಲ್ಲವನ್ನೂ ಫೋನಿನಲ್ಲಿ ವಿಡಿಯೋ ಮಾಡಿದ.

"ಏನಪ್ಪ ಮಾರುತೇಶ, ಹೊಲ ಉಳಾಕೆ ಬಂದೀಯೇನು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ಮಧ್ಯಾಹ್ನ ಮಾರುತೇಶ ಸಿಟ್ಟು ನೆತ್ತಿಗೇರಿ ಕೈಯಲ್ಲಿದ್ದ ಗಾಲ್ಫ್ ಕೋಲನ್ನೇ ಪೊದೆಗೆ ಬೀಸಿ ಎಸೆದ. ಅದೂ ಸಿಗಲಿಲ್ಲ.

ಮಾರನೇ ದಿನ ಊರಿಗೆ ಹೊರಡಬೇಕು. ಒಂದೇ ಒಂದು ಚೆಂಡು ನೆಟ್ಟಗೆ ಹೋದರೆ ಸಾಕು, ನಾಲ್ಕು ಜನ ನೋಡಿದರೆ ಸಾಕು ಅಂತ ಅವನ ಜೀವ ಬಡಿದುಕೊಳ್ಳುತ್ತಿತ್ತು. ಊಟ ಆದಮೇಲೆ ಬೇರೆ ಕೋಲು ಹಿಡಿದು ಒಬ್ಬನೇ ಮೈದಾನಕ್ಕೆ ಹೋದ. ಹೊಡೆದ. ಠಣ್! ಚೆಂಡು ನೂಲು ಹಿಡಿದ ಹಾಗೆ ಹೋಗಿ ಬಾವುಟದ ಮುಂದೆ ಬಿತ್ತು.

ನೋಡಲು ನರಪಿಳ್ಳೆ ಇಲ್ಲ. ಫೋನು ರೂಮಿನಲ್ಲಿ ಚಾರ್ಜಿಗೆ ಇತ್ತು.

ಹಾಳಾದದ್ದನ್ನೆಲ್ಲ ಎಲ್ಲರೂ ನೋಡಿದರು, ಗೆದ್ದದ್ದಕ್ಕೆ ಸಾಕ್ಷಿ ಯಾರು? ಹೇಳಿದರೆ ರಾಮಾಂಜನೇಯ ಇನ್ನೂ ಜೋರಾಗಿ ನಗುತ್ತಾನೆ. ಬಾವಿಯ ಹತ್ತಿರ ಬಂದಾಗ ಮಾರುತೇಶನಿಗೆ ತಡೆಯಲಾಗಲಿಲ್ಲ. ಮೈದಾನದ ಕಡೆ ತಿರುಗಿ ಕೂಗಿಬಿಟ್ಟ.

"ನೂರೈವತ್ತು ಕೋಲು ಐತೆ ಕಣ್ರೋ! ಬೇಕಾದ್ರೆ ಅಳ್ಕಳ್ರಿ!"

ಅದು ಚಿನ್ನಿದಾಂಡಿನ ಮಾತು. ಹುಡುಗರಿದ್ದಾಗ ಬಾಗೂರಿನಲ್ಲಿ ಅವನೂ ಅವನ ಗೆಳೆಯ ಜುಂಜಣ್ಣನೂ ಆಡುತ್ತಿದ್ದದ್ದೇ ಅದು. ಚಿನ್ನಿ ಹೊಡೆದವನು ಇಷ್ಟು ಕೋಲು ದೂರ ಹೋಗಿದೆ ಅಂತ ಹೇಳಬೇಕು. ಎದುರಿನವನಿಗೆ ನಂಬಿಕೆ ಬರದಿದ್ದರೆ ಕೋಲನ್ನು ತುದಿಯಿಂದ ತುದಿಗೆ ಮಗುಚಿ ಮಗುಚಿ ಅಳೆಯುತ್ತಾನೆ. ಕಮ್ಮಿ ಬಂದರೆ ಹೊಡೆದವನು ಔಟು.

ಕೂಗಿದ್ದು ಗುಡ್ಡಕ್ಕೆ ತಾಗಿ ಅಡಗಿತು. ಆಮೇಲೆ...

ಸರ್... ಟಪ್.

ಮೈದಾನದ ಆ ತುದಿಯಲ್ಲಿ ಹುಲ್ಲಿನ ಮೇಲೆ ಏನೋ ಮಗುಚಿತು.

ಸರ್... ಟಪ್.

"ಲಾಭ..." ಅಂದಿತು ಒಂದು ದನಿ. "ಒಂದು... ಎರಡು..."

ಆ ಎಣಿಕೆಯ ಗುರುತು ಮಾರುತೇಶನಿಗೆ ಸಿಕ್ಕಿತು. ಕಣದಲ್ಲಿ ರಾಗಿ ಅಳೆಯುವವರು ಒಂದು ಅನ್ನದೆ ಲಾಭ ಅನ್ನುತ್ತಾರೆ, ಲಾಭ ಆದಮೇಲೆ ಎರಡು. ಅದು ಎಲ್ಲರಿಗೂ ಗೊತ್ತು. ಜುಂಜಣ್ಣ ಒಬ್ಬನೇ ಲಾಭ ಅಂದು, ಆಮೇಲೆ ಒಂದು ಅನ್ನುತ್ತಿದ್ದದ್ದು. ಅವನು ಅಳೆದರೆ ಯಾವಾಗಲೂ ಒಂದು ಕೋಲು ಕಮ್ಮಿ. ಅದಕ್ಕೇ ಜಗಳ ಆಗಿ ಇಬ್ಬರೂ ಮಾತು ಬಿಟ್ಟಿದ್ದರು. ದೊಡ್ಡವರಾದರು, ಮದುವೆ ಮಕ್ಕಳು ಆದವು, ಮಾತು ಮಾತ್ರ ಆಡಲಿಲ್ಲ. ಹೋದ ದೀಪಾವಳಿಯಲ್ಲಿ ಜುಂಜಣ್ಣ ಜ್ವರ ಬಂದು ತೀರಿಕೊಂಡ.

"ಜುಂಜ... ನೀನೇನಲೇ?" ಮಾರುತೇಶ ಪಿಸುಗುಟ್ಟಿದ.

"ಏಳು... ಎಂಟು..."

ದನಿ ಹತ್ತಿರ ಬರುತ್ತಿತ್ತು. ಓಡಬೇಕಾದವನಿಗೆ ಹಳೇ ಸಿಟ್ಟು ಬಂತು. ಎಂಥಾ ಹೊತ್ತಿನಲ್ಲಿ ನೋಡಿ!

"ಲಾಭನೇ ಒಂದು ಕಣ್ಲೇ..."

ಟಪ್ ನಿಂತಿತು. ಗಾಳಿಯೂ ನಿಂತಿತು. ಬಾವಿಯೊಳಗೆ ಎಲ್ಲೋ ಒಂದು ಹನಿ... ತೊಟ್.

ಆಮೇಲೆ ಮತ್ತೆ ಆ ತುದಿಯಿಂದ, ನಿಧಾನವಾಗಿ...

"ಲಾಭ..."

ಮೊದಲಿಂದ ಶುರು! ಮಾರುತೇಶ ಎದ್ದೆನೋ ಬಿದ್ದೆನೋ ಅಂತ ಓಡಿದ. ರೂಮಿಗೆ ನುಗ್ಗಿ ರಾಮಾಂಜನೇಯನ ಭುಜ ಹಿಡಿದು ಅಲುಗಿಸಿದ.

"ಏನಾತಪ್ಪ?"

"ಶ್... ಹೊರಗೆ ಅಳೀತಾವ್ನೆ."

"ಯಾರು? ಏನ್ನ?"

"ನನ್ನ ಚೆಂಡು ಹೋಗಿದ್ದ ದೂರಾನ..."

ರಾಮಾಂಜನೇಯ ನಗಲು ಬಾಯಿ ತೆರೆದ. ಕಿಟಕಿಯ ಆಚೆ, ದೂರದಲ್ಲಿ... ಸರ್... ಟಪ್. ತೆರೆದ ಬಾಯಿ ಹಾಗೇ ಇತ್ತು. ಇಬ್ಬರೂ ದೀಪ ಹಾಕಿಕೊಂಡೇ ಬೆಳಗು ಮಾಡಿದರು.

ಬೆಳಿಗ್ಗೆ ಹೋಟೆಲಿನ ಬಾಗಿಲಿಗೆ ಒರಗಿ ನಿಂತಿತ್ತು, ಪೊದೆಗೆ ಎಸೆದಿದ್ದ ಕೋಲು. ಹೊಡೆಯುವ ತುದಿಗೆ ಮಣ್ಣು ಮೆತ್ತಿತ್ತು. ಕೈಯಲ್ಲಿ ಹಿಡಿಯುವ ತುದಿಗೂ ಮೆತ್ತಿತ್ತು.

ಊರಿಗೆ ಬಂದಮೇಲೆ ಮಾರುತೇಶ ಬಾಗೂರಿಗೆ ಹೋದ. ಇಷ್ಟು ವರ್ಷ ಮೆಟ್ಟದ ಜುಂಜಣ್ಣನ ಮನೆ ಹೊಸ್ತಿಲು ಮೆಟ್ಟಿದ. ಮಾತು ಬಿಟ್ಟದ್ದಕ್ಕೆ ಅವನಿಗೆ ನಿಜವಾಗಿ ಸಂಕಟವಾಗಿತ್ತು. ಜುಂಜಣ್ಣನ ತಾಯಿ ಮಹಾದೇವಮ್ಮನ ಕೈಗೆ ಚಾಕಲೇಟು ಕೊಟ್ಟು ತಲೆ ತಗ್ಗಿಸಿ ಕೂತ. ಗಾಲ್ಫಿನ ಸುದ್ದಿಯನ್ನು ಅವನು ಎತ್ತಲೇ ಇಲ್ಲ.

"ಬಂದ್ಯೇನಪ್ಪ..." ಅಂದಳು ಮುದುಕಿ. "ನೀನು ಫಾರಿನ್ನಿಗೆ ಹೋಗಿದ್ದಾಗ ಜುಂಜ ನನ್ನ ಕನಸಿಗೆ ಬಂದಿದ್ದ. ಕಾಲೆಲ್ಲ ಒದ್ದೆ ಮಾಡ್ಕಂಡಿದ್ದ. ಮಾರುತೇಶಂಗೆ ಹೇಳವ್ವ, ಒಂದು ಕೋಲು ಕಮ್ಮಿ ಬಂತು ಅಂದ. ಏನಪ್ಪ ಹಂಗಂದ್ರೆ?"

ಮಾರುತೇಶ ಧಡಕ್ಕನೆ ಎದ್ದು ನಿಂತ. ಕಣ್ಣಲ್ಲಿ ನೀರಿತ್ತು.

"ಒಂದು ಕೋಲಾ? ಲಾಭನ ಲೆಕ್ಕಕ್ಕೆ ಹಿಡಿದಿಲ್ಲ ಅವನು! ಈಗಲೂ ಹಿಡಿದಿಲ್ಲ! ನಾನಿನ್ನು ಯಾರ ಹತ್ರ ಜಗಳ ಆಡ್ಲಿ?"

ಕಟ್ಟುಕತೆ ಅನ್ನಬೇಡಿ. ಆ ಕೋಲನ್ನು ಕಂಪನಿಯವರಿಂದ ಕೇಳಿ ತಂದಿದ್ದಾನೆ, ಹೊಸದುರ್ಗದ ಅಂಗಡಿಯಲ್ಲಿದೆ. ಯಾರೂ ಒರೆಸಿಲ್ಲ. ಮಣ್ಣು ಇನ್ನೂ ಹಸಿಯಾಗೇ ಇದೆ.