ಅಟ್ಟದ ಕಾಯಿ ಮೇಲಿನ ಆಣೆ

ತುರುವೇಕೆರೆ ಬಸ್ ನಿಲ್ದಾಣದಲ್ಲಿ ಕಾದು ಕಾದು ನಿರ್ಮಲಾಗೆ ತೂಕಡಿಕೆ ಹತ್ತಿತ್ತು. ಹಿಂದಿನ ಬೆಂಚಿನಲ್ಲಿ ತೆಂಗಿನ ತೋಟದವರಿಬ್ಬರು ಪಂಚಾಯ್ತಿ ಎಲೆಕ್ಷನ್ ಮಾತೆತ್ತಿದ್ದೇ ನಿದ್ದೆ ಹಾರಿಹೋಯಿತು.

“ವೋಟು ನಿಮ್ಗೇ ಅಂತ ಎರಡು ಪಾರ್ಟಿಯೋರ್ಗೂ ಕಾಯಿ ಮುಟ್ಟಿ ಆಣೆ ಮಾಡಿದ್ಯಂತಲ್ಲೋ ಕಾಂತೇಶ?”

“ಮಾಡ್ದೆ ಕಣ್ಲಾ ತಿಮ್ಮೇಶ. ಮನೆ ಬಾಗ್ಲಿಗೆ ಬಂದೋರ್ನ ಬೇಜಾರು ಮಾಡಿ ಕಳ್ಸಕಾಯ್ತದಾ?”

“ದೇವ್ರು ಸುಮ್ನೆ ಬುಟ್ಟಾನಾ?”

“ಕಾಯಿ ನಂದೇ ಕಣ್ಲಾ. ಅಟ್ಟದಲ್ಲಿ ಒಣಗಿ ಕೊಬ್ರಿಯಾಗಿದ್ದುದನ್ನ ಜುಟ್ಟು ಬಿಟ್ಟು ಸುಲ್ದು ತಂದಿಟ್ಟೆ. ನೀರಿಲ್ದ ಕಾಯಿನ ದೇವ್ರಿಗೇ ಒಡೆಯಲ್ಲ, ಇನ್ನು ಅದ್ರ ಮೇಲಿನ ಆಣೆ ಎಲ್ಲಿ ನಿಂತಾತು?”

ನಿರ್ಮಲಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

“ಗೆದ್ದನಲ್ಲ ಗಂಗಾಧರಯ್ಯ, ಅವ್ನೂ ನಿಮ್ಮನೆ ಜಗಲಿ ಮೇಲೇ ಆಣೆ ಮಾಡ್ದ, ಕೇರಿಗೆ ನಲ್ಲಿ ಹಾಕಿಸ್ತೀನಿ ಅಂತ. ಅದ್ಯಾವ ಕಾಯಿ?”

“ಅದೇ.”

“ಅಯ್ಯೋ ಪಾಪಿ! ಅವ್ನಿಗೆ ಗೊತ್ತಾಗ್ಲಿಲ್ವಾ?”

“ಗೊತ್ತಾಗ್ದೆ ಏನ್ಲಾ, ಅವ್ನೂ ತೋಟದೋನೇ. ಕಿವಿ ಹತ್ರ ಹಿಡಿದು ಅಲ್ಲಾಡ್ಸಿ ನೋಡ್ದ. ಒಳಗೆ ಕೊಬ್ರಿ ಲೊಟಲೊಟ ಅಂತು. ಆಮೇಲೇ ಧೈರ್ಯವಾಗಿ ಆಣೆ ಮಾಡ್ದ.”

ಅವರ ಬಸ್ಸು ಬಂತು. ಇಬ್ಬರೂ ಪೇಟೆಯಲ್ಲಿ ಕೊಂಡಿದ್ದ ಹೊಸ ಪ್ಲಾಸ್ಟಿಕ್ ಬಿಂದಿಗೆಗಳನ್ನು ಹೆಗಲಿಗೇರಿಸಿಕೊಂಡು ಓಡಿದರು.